ಅಳಿದ ಮಂಟಪ, ಉಳಿದ ಹೆಸರು

ಉದ್ಯಾನವೆಂದೊಡನೆ ನಮ್ಮ ಕಣ್ಮುಂದೆ ಹೂವಿನ ಪಾತಿಗಳೂ ಹುಲ್ಲುಹಾಸುಗಳೂ ಮೂಡುವುದು ಸಹಜ. ಚೀನಾದ ಸುಝೌ ನಗರದ ಹಳೆಯ ಉದ್ಯಾನಗಳನ್ನು ನೋಡಹೊರಟಾಗ ಈ ಕಲ್ಪನೆಯನ್ನು ನಾವು ಹೊಸ್ತಿಲಲ್ಲಿಯೇ ಇಳಿಸಬೇಕಾಗುತ್ತದೆ. ಕಲ್ಲು, ನೀರು, ಮರ, ಕಟ್ಟಡ ಇವು ಅಲ್ಲಿನ ಅಂಗಗಳು. ಇವುಗಳಷ್ಟೇ ಮುಖ್ಯವಾದ ಇನ್ನೊಂದು ಅಂಗ ಅಕ್ಷರ. ಮಂಟಪಕ್ಕೊಂದು ಹೆಸರು, ಕಂಬಕ್ಕೊಂದು ಪದ್ಯದ ಸಾಲು ಬಂದ ಮೇಲೆಯೇ ಉದ್ಯಾನ ಪೂರ್ಣವಾಯಿತೆಂದು ಅಲ್ಲಿನ ವಿದ್ವಾಂಸರು ಭಾವಿಸುತ್ತಿದ್ದರು. ಅಕ್ಷರಕ್ಕೆ ಇಷ್ಟು ಮನ್ನಣೆ ಏಕೆಂಬುದನ್ನು ಆ ನಗರದ ಅತಿ ಪ್ರಾಚೀನ ಉದ್ಯಾನಗಳಲ್ಲೊಂದಾದ ತ್ಸಾಂಗ್‌ಲಾಂಗ್ ಮಂಟಪದ ಚರಿತ್ರೆ ತಿಳಿಸುತ್ತದೆ.

ಇದನ್ನು ನಿರ್ಮಿಸಿದವನು ಸೊಂಗ್ ಅರಸರ ಕಾಲದ ಕವಿಯೂ ಅಧಿಕಾರಿಯೂ ಆಗಿದ್ದ ಸು ಶುನ್‌ಚಿನ್. ಆಡಳಿತ ಸುಧಾರಣೆಯ ಪಕ್ಷದಲ್ಲಿದ್ದ ಅವನಿಗೆ ಆಸ್ಥಾನದಲ್ಲಿ ವಿರೋಧಿಗಳಿದ್ದರು. ಕಚೇರಿಯ ರದ್ದಿ ಕಾಗದವನ್ನು ಮಾರಿದ ಹಣವನ್ನು ಗೆಳೆಯರ ಔತಣಕ್ಕೆ ಬಳಸಿದನೆಂಬ ನೆಪ ಅವರಿಗೆ ಸಾಕಾಯಿತು. 1044ರಲ್ಲಿ ಪದವಿ ಹೋಯಿತು. ರಾಜಧಾನಿಯನ್ನು ತೊರೆದು ದಕ್ಷಿಣಕ್ಕೆ ಬಂದ ಅವನು, ಹಿಂದೆ ವು-ಯುಯೆ ರಾಜಮನೆತನದ ಬಂಧುವೊಬ್ಬನಿಗೆ ಸೇರಿ ಈಗ ಪಾಳುಬಿದ್ದಿದ್ದ ನೀರಂಚಿನ ನೆಲವನ್ನು ನಲವತ್ತು ಸಾವಿರ ಕಾಸಿಗೆ ಕೊಂಡು ಅಲ್ಲೊಂದು ಮಂಟಪವನ್ನು ಕಟ್ಟಿಸಿದ. ಪ್ರಾಚೀನ ಬೆಸ್ತನ ಹಾಡೊಂದರಲ್ಲಿ ಬರುವ ಹೊಳೆಯ ಹೆಸರನ್ನು ಅದಕ್ಕಿಟ್ಟ. ನೀರು ತಿಳಿಯಾಗಿದ್ದರೂ ಕದಡಿದ್ದರೂ ಅದಕ್ಕೆ ತಕ್ಕಂತೆ ಬಾಳಬೇಕೆಂಬುದು ಆ ಹಾಡಿನ ಭಾವ. ಪದಚ್ಯುತನಿಗೆ ಅದಕ್ಕಿಂತ ಒಪ್ಪುವ ಹೆಸರು ಬೇರೆ ಯಾವುದಿದ್ದೀತು! ಅವನು ಮಂಟಪವನ್ನು ಕುರಿತು ಒಂದು ಪ್ರಬಂಧ ಬರೆದ. ಮಿತ್ರ ಔಯಾಂಗ್ ಶಿಯು ಕವಿತೆ ಬರೆದ. ಆದರೆ 1048ರಲ್ಲಿಯೇ ಸು ತೀರಿಕೊಂಡ.

ಅನಂತರ ಆ ಸ್ಥಳ ಹಾನ್ ಶಿಝೊಂಗ್ ಎಂಬ ದಂಡನಾಯಕನದಾಯಿತು, ಮುಂದೆ ಬೌದ್ಧರ ವಿಹಾರವಾಯಿತು. ಮೂಲ ಮಂಟಪ ಅಳಿದುಹೋಯಿತು. ಮಿಂಗ್ ಕಾಲದಲ್ಲಿ ವೆನ್‌ಯಿಂಗ್ ಎಂಬ ಭಿಕ್ಷು ಅದನ್ನು ಮತ್ತೆ ಎಬ್ಬಿಸಿ, ಅದಕ್ಕೊಂದು ಲೇಖನ ಬೇಕೆಂದು ಗುಯಿ ಯೌಗುವಾಂಗ್ ಎಂಬ ಪ್ರಬಂಧಕಾರನನ್ನು ಕೇಳಿಕೊಂಡ. ವು-ಯುಯೆ ಅರಸರ ವೈಭವದ ಅರಮನೆ, ತೋಟಗಳು ಹೇಳಹೆಸರಿಲ್ಲದಂತಾದವು; ಕೆಲಸ ಕಳೆದುಕೊಂಡ ಒಬ್ಬ ಕವಿಯ ಮಂಟಪವನ್ನಾದರೋ ಐನೂರು ವರ್ಷಗಳ ಬಳಿಕ ಒಬ್ಬ ಸಂನ್ಯಾಸಿ ನೆನೆದು ಕಟ್ಟುತ್ತಾನೆ. ಈ ಅಂತರವನ್ನೇ ಗುಯಿ ತನ್ನ ಲೇಖನದಲ್ಲಿ ಎತ್ತಿ ತೋರಿಸಿದ. 17ನೆಯ ಶತಮಾನದ ಕೊನೆಯಲ್ಲಿ ಪ್ರಾಂತಾಧಿಕಾರಿ ಸೊಂಗ್ ಲುವೊ ಮಂಟಪವನ್ನು ಗುಡ್ಡದ ಮೇಲೆ ಹೊಸದಾಗಿ ಕಟ್ಟಿಸಿದ. 1860ರ ತೈಪಿಂಗ್ ಯುದ್ಧದಲ್ಲಿ ಎಲ್ಲವೂ ನಾಶವಾಗಿ, 1873ರಲ್ಲಿ ಮರಳಿ ಎದ್ದಿತು.

ಇಂದು ಅಲ್ಲಿಗೆ ಹೋಗುವವರು ಮೊದಲು ಕಾಣುವುದು ಗೋಡೆಯ ಹೊರಗಿನ ನೀರನ್ನು. ಸೇತುವೆಯನ್ನು ದಾಟಿ ಒಳಹೊಕ್ಕರೆ, ಎರಡು ಪಕ್ಕಕ್ಕೂ ತೆರೆದ ಮೊಗಸಾಲೆಯೊಂದಿದೆ. ಅದರ ನಡುಗೋಡೆಯ ಜಾಲಂಧ್ರಗಳಲ್ಲಿ ಹೊರಗಿನ ನೀರೂ ಒಳಗಿನ ಗುಡ್ಡವೂ ತುಣುಕುತುಣುಕಾಗಿ ತೋರುತ್ತವೆ. ಉದ್ಯಾನದಲ್ಲಿ ಇಂಥ 108 ಜಾಲಂಧ್ರಗಳಿವೆಯೆನ್ನುತ್ತಾರೆ. ಒಂದರ ವಿನ್ಯಾಸ ಇನ್ನೊಂದಕ್ಕಿಲ್ಲ. ಇಲ್ಲಿ ಅವಸರ ಸಲ್ಲದು. ನಿಂತು, ಎರಡು ಹೆಜ್ಜೆ ನಡೆದು, ಮತ್ತೆ ನಿಂತು ನೋಡಿದರೆ ಒಂದೇ ಗುಡ್ಡ ಹತ್ತಾಗಿ ಕಾಣುತ್ತದೆ. ಗುಡ್ಡವನ್ನೇರಿ ಮಂಟಪದ ಕಂಬಗಳ ಬಳಿ ನಿಂತರೆ, ಒಂದರ ಮೇಲೆ ಔಯಾಂಗ್ ಶಿಯುವಿನ ಸಾಲು, ಇನ್ನೊಂದರ ಮೇಲೆ ಸು ಶುನ್‌ಚಿನ್‌ನ ಸಾಲು. ಗೆಳೆಯರಿಬ್ಬರನ್ನೂ ಹೀಗೆ ಎದುರುಬದುರು ನಿಲ್ಲಿಸಿದವರು ಚಿಙ್ ಕಾಲದ ವಿದ್ವಾಂಸರು. 2000ದಲ್ಲಿ ಯುನೆಸ್ಕೋ ಈ ಉದ್ಯಾನವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಾವು ಮುಟ್ಟುವ ಕಂಬ ಸು ನೆಟ್ಟದ್ದಲ್ಲ, ಮಂಟಪ ಅವನು ಕಟ್ಟಿದ ಜಾಗದಲ್ಲಿಯೂ ಇಲ್ಲ. ಆದರೂ ಅದು ಅವನದೇ. ಕಟ್ಟಿದವನಂತೆಯೇ, ಓದಿ ನೆನಪಿಟ್ಟು ಮತ್ತೆ ಮತ್ತೆ ಕಟ್ಟಿದವರೂ ಆ ಮಂಟಪದ ಕರ್ತೃಗಳೆಂದು ನಾವು ತಿಳಿಯಬೇಕು.