ಎಂಟು ಬಜಾರುಗಳ ಊರಿಗೆ

ಓಲ್ಡ್ ರಾಜಿಂದರ್ ನಗರದ ಹೆಸರು ಇಂದು ಕರ್ನಾಟಕದ ಅನೇಕ ತಂದೆತಾಯಿಗಳಿಗೂ ಪರಿಚಿತ. ಐಎಎಸ್ ಪರೀಕ್ಷೆಯ ತರಬೇತಿಗೆಂದು ಬಂದ ಮಕ್ಕಳು ಇಲ್ಲಿನ ಗೂಡಿನಂಥ ಕೋಣೆಗಳಲ್ಲಿ ವರ್ಷಗಟ್ಟಲೆ ಓದುತ್ತಾರೆ. ವರ್ಗವಾಗಿ ದೆಹಲಿಗೆ ಬಂದ ನಾನೂ ಸರಕಾರಿ ವಸತಿ ದೊರೆಯುವವರೆಗೆ ಇಲ್ಲಿಯೇ ಎರಡನೆಯ ಮಹಡಿಯೊಂದರಲ್ಲಿ ಬಾಡಿಗೆಗಿದ್ದೆ. ಊರು ಬಿಟ್ಟು ಬಂದವರಿಗಾಗಿಯೇ ಈ ಬಡಾವಣೆ ಹುಟ್ಟಿತೆಂಬುದು ನನಗೆ ಮನದಟ್ಟಾದದ್ದು ಮನೆಯೊಡತಿ ಬೀಜಿಯವರಿಂದ. ಪಂಜಾಬಿ ಮನೆಗಳಲ್ಲಿ ಹಿರಿಯಮ್ಮನನ್ನು ಹಾಗೆ ಕರೆಯುತ್ತಾರೆ.

1941ರ ಜನಗಣತಿಯಲ್ಲಿ ದೆಹಲಿ ಪ್ರಾಂತದ ಜನಸಂಖ್ಯೆ ಸುಮಾರು 9.18 ಲಕ್ಷ, 1951ರಲ್ಲಿ 17.44 ಲಕ್ಷ. ಇವರಲ್ಲಿ ಸುಮಾರು ಐದು ಲಕ್ಷ ಮಂದಿ ದೇಶವಿಭಜನೆಯ ನಿರಾಶ್ರಿತರು. ಕರೋಲ್ ಬಾಗಿನ ಪಕ್ಕದಲ್ಲಿ ಎದ್ದ ಈ ಕಾಲೊನಿಯ ಮನೆಗಳು ಅವರಿಗಾಗಿ. ಅತ್ತ ಬಿಟ್ಟುಬಂದ ಆಸ್ತಿಗೆ ಇತ್ತ ಪರಿಹಾರ ಕೊಡಲು 1954ರಲ್ಲಿ ಕಾನೂನೇ ಬಂತು. ಕಡತದ ಭಾಷೆಯಲ್ಲಿ ಅದು ‘ಕ್ಲೇಮ್’. ದಿನವೂ ಕಡತಗಳ ನಡುವೆ ಬದುಕುವ ನನಗೂ ಆ ಪದ ಇಷ್ಟು ಬಡವೆಂದು ಅಲ್ಲಿಯವರೆಗೆ ಅನ್ನಿಸಿರಲಿಲ್ಲ.

ಜನರಷ್ಟೇ ಅಲ್ಲ, ಆಸ್ಪತ್ರೆಯೂ ವಲಸೆ ಬಂದಿದೆ. ಎಂಜಿನಿಯರ್ ಸರ್ ಗಂಗಾರಾಮರು ಲಾಹೋರಿನಲ್ಲಿ 1921ರಲ್ಲಿ ಸ್ಥಾಪಿಸಿದ ಆಸ್ಪತ್ರೆ ಅಲ್ಲಿ ಅದೇ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. ಅದೇ ಹೆಸರಿನ ಇನ್ನೊಂದನ್ನು 1954ರಲ್ಲಿ ನೆಹರೂ ಇಲ್ಲಿ ಉದ್ಘಾಟಿಸಿದರು. “ಆಸ್ಪತ್ರೆಗೆ ಎರಡೂ ಕಡೆ ಮನೆ ಉಳಿಯಿತು, ನಮಗೆ ಮಾತ್ರ ಒಂದೇ” ಎಂದು ಬೀಜಿ ನಗುತ್ತಿದ್ದರು.

ಬೀಜಿಯ ತವರು ಲಾಯಲ್‌ಪುರ. ಚೆನಾಬ್ ಕಾಲುವೆಯ ನೀರು ಬಂದ ಮೇಲೆ ಬ್ರಿಟಿಷರು ನಕ್ಷೆ ಹಾಕಿ ಕಟ್ಟಿದ ಪಟ್ಟಣ. ನಡುವೆ ಗಡಿಯಾರದ ಗೋಪುರ, ಅಲ್ಲಿಂದ ಎಂಟು ದಿಕ್ಕಿಗೆ ಎಂಟು ಬಜಾರು. ಕಚೇರಿ, ರೈಲು, ಕಾರ್ಖಾನೆ, ಝಂಗ್, ಭವಾನಾ, ಅಮೀನ್‌ಪುರ, ಚಿನಿಯೋಟ್, ಮಾಂಟ್ಗೊಮರಿ ಎಂದು ಅವರು ಬೆರಳು ಮಡಿಸಿ ಎಣಿಸುವಾಗ ನಮ್ಮಜ್ಜಿ ನಕ್ಷತ್ರಗಳ ಹೆಸರು ಹೇಳುತ್ತಿದ್ದುದು ನೆನಪಾಗುತ್ತಿತ್ತು. ಊರು ಬಿಟ್ಟಾಗ ಅವರಿಗೆ ಹನ್ನೊಂದು ವರ್ಷ. ಆಮೇಲೆ ಊರಿನ ಹೆಸರೂ ಬದಲಾಯಿತು. ಸೌದಿ ದೊರೆಯ ನೆನಪಿಗೆ ಅದೀಗ ಫೈಸಲಾಬಾದ್. ಅಲ್ಲಿಗೆ ಹೋಗಬಯಸುವವರು ವೀಸಾ ಅರ್ಜಿಯಲ್ಲಿ ತಾವು ಹುಟ್ಟದ ಊರಿನ ಹೆಸರನ್ನು ಬರೆಯಬೇಕು.

ಹೋಗುವ ದಾರಿಯ ಇತಿಹಾಸವೂ ಹಾಗೆಯೇ, ತೆರೆಯುವುದು ಮುಚ್ಚುವುದು. 1948ರಲ್ಲಿ ಪರ್ಮಿಟ್, 1952ರಲ್ಲಿ ಪಾಸ್‌ಪೋರ್ಟ್. 1955ರ ಲಾಹೋರ್ ಟೆಸ್ಟ್ ಪಂದ್ಯಕ್ಕೆ ಗಡಿ ಸಡಿಲಿಸಿದಾಗ ಸಾವಿರಾರು ಜನ ಕ್ರಿಕೆಟ್ಟಿನ ನೆಪದಲ್ಲಿ ಹಳೆಯ ಓಣಿಗಳನ್ನು ನೋಡಿಬಂದರು. 1999ರ ಫೆಬ್ರವರಿಯಲ್ಲಿ ದೆಹಲಿ–ಲಾಹೋರ್ ಬಸ್ಸು ಬಂತು. ಸಂಸತ್ತಿನ ಮೇಲಿನ ದಾಳಿಯ ನಂತರ ನಿಂತು, 2003ರ ಜುಲೈನಲ್ಲಿ ಮತ್ತೆ ಹೊರಟಿತು. 2005ರಲ್ಲಿ ಮಗ ಮತ್ತು ಮೊಮ್ಮಗಳೊಂದಿಗೆ ಬೀಜಿ ಅದನ್ನು ಹತ್ತಿದರು. ಅದೇ ವರ್ಷ ಮುಷರಫ್‌ರ ತಾಯಿ ತಮ್ಮ ಹಳೆಯ ದೆಹಲಿಯ ಹವೇಲಿಯನ್ನು ನೋಡಲು ಕುಟುಂಬದೊಡನೆ ಇತ್ತ ಬಂದಿದ್ದರು. ಅವರಿಗೆ ಸರಕಾರಿ ಆತಿಥ್ಯ. ಬೀಜಿಗೆ ಪೊಲೀಸ್ ಠಾಣೆಯಲ್ಲಿ ಹಾಜರಿ.

ಮನೆ ಇತ್ತು. ಮುಂಭಾಗ ಬಟ್ಟೆಯಂಗಡಿಯಾಗಿತ್ತು, ಹಿಂದಿನ ಅಂಗಳ ಹಾಗೆಯೇ ಉಳಿದಿತ್ತು. ಬಾಗಿಲು ತೆರೆದ ಮುದುಕಿ ಹೆಸರು ಕೇಳಲಿಲ್ಲವಂತೆ, “ನೀವು ಈ ಮನೆಯವರಾ?” ಎಂದಷ್ಟೇ ಕೇಳಿ ಒಳಗೆ ಕರೆದಳಂತೆ. ಆಕೆಯದು ಜಲಂಧರಿನಿಂದ ಬಂದ ಕುಟುಂಬ. ಊಟವಾದ ಮೇಲೆ ಹಾಳೆಯೊಂದರಲ್ಲಿ ತನ್ನ ತವರಿನ ಓಣಿಯ ಗುರುತು ಬರೆಸಿ, ಅಲ್ಲಿ ಬಾವಿಯೊಂದಿದೆಯೇ ನೋಡಿ ತಿಳಿಸಿ ಎಂದಳು. ಬೀಜಿಯ ಮಗ ಹಿಂದಿರುಗಿದ ತಿಂಗಳೇ ಜಲಂಧರಿಗೆ ಹೋದರು. ಬಾವಿ ಮುಚ್ಚಿಹೋಗಿತ್ತು. ಅದರ ಮೇಲಿನ ಹ್ಯಾಂಡ್‌ಪಂಪಿನ ಫೋಟೊ ತೆಗೆದು ಕಳಿಸಿದರು. ಮುಚ್ಚಿದ್ದನ್ನು ಬರೆಯಬೇಡವೆಂದು ಬೀಜಿ ಹೇಳಿದರೂ ಮಗ ಬರೆದರು. ಆ ವಿಷಯದಲ್ಲಿ ತಾಯಿ ಮಗ ಇನ್ನೂ ಒಮ್ಮತಕ್ಕೆ ಬಂದಿಲ್ಲ.

ನನ್ನ ತಾಯಿಯ ತವರು ಶರಾವತಿ ಕಣಿವೆಯಲ್ಲಿತ್ತು. 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದ ವರ್ಷ ಅಮ್ಮ ದಡದಲ್ಲಿ ನಿಂತು ಕೈತೋರಿಸುತ್ತಾಳೆ, ನಮಗೆ ಕೆಸರು ಕಾಣುತ್ತದೆ. ಇದನ್ನು ಬೀಜಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಿನ್ನ ಅಮ್ಮನ ಮನೆಯಲ್ಲಿ ಬೇರೆ ಯಾರೂ ಇಲ್ಲವಲ್ಲ, ಪುತ್ತರ್” ಎಂದರು. ಸಮಾಧಾನವೋ ಅನುಕಂಪವೋ ಇಂದಿಗೂ ನನಗೆ ಸ್ಪಷ್ಟವಿಲ್ಲ.

2019ರ ಆಗಸ್ಟ್‌ನಲ್ಲಿ ಬಸ್ಸು ಮತ್ತೆ ನಿಂತಿತು. ಪಹಲ್ಗಾಮಿನ ಹತ್ಯೆಗಳ ನಂತರ, 2025ರ ಏಪ್ರಿಲ್‌ನಲ್ಲಿ, ಅಟಾರಿಯ ಗಡಿದ್ವಾರವೂ ಮುಚ್ಚಿತು. ಅಂಥ ಹತ್ಯೆಯ ಬೆನ್ನಿಗೆ ಆದದ್ದನ್ನು ಬೀಜಿಯೂ ತಪ್ಪೆನ್ನುವುದಿಲ್ಲ. ಆದರೆ ನಾನು ಸರಕಾರಿ ನೌಕರ ಎಂಬುದು ಅವರ ತಲೆಯಲ್ಲಿ ಗಟ್ಟಿಯಾಗಿ ಕುಳಿತಿದೆ. ವಸತಿ ಸಿಕ್ಕಿ ಬೇರೆಡೆ ಬಂದಮೇಲೂ ಹಬ್ಬಕ್ಕೆ ಹೋಗಿ ಕಾಲಿಗೆರಗಿದರೆ ಮೊದಲು ಬಿಸಿ ಚಹಾ, ಮರುಕ್ಷಣವೇ ಪ್ರಶ್ನೆ: “ನಿಮ್ಮ ಆಫೀಸಿನಲ್ಲಿ ಬಸ್ಸಿನ ಸುದ್ದಿ ಏನಾದರೂ ಇದೆಯಾ?” ನನ್ನ ಇಲಾಖೆಗೂ ಗಡಿಗೂ ಯಾವ ಸಂಬಂಧವೂ ಇಲ್ಲವೆಂದು ಎಷ್ಟೋ ಸಲ ಹೇಳಿದ್ದೇನೆ. ಕಳೆದ ದೀಪಾವಳಿಯಲ್ಲಿ ಹೇಳಲಿಲ್ಲ. ವಿಚಾರಿಸುತ್ತೇನೆ ಎಂದು ಬಂದೆ.