ಪಾತ್ರೆಗೆ ಪಟ್ಟ ಸಿಕ್ಕಿತು, ಊಟಕ್ಕೆ?

2013ರ ಡಿಸೆಂಬರ್ ತಿಂಗಳು. ಅಜರ್‌ಬೈಜಾನ್ ದೇಶದ ಬಾಕು ನಗರದಲ್ಲಿ ಯುನೆಸ್ಕೊ ಸಭೆ. ಜಪಾನಿನ ಸಾಂಪ್ರದಾಯಿಕ ಊಟ, ಅವರ ಮಾತಿನಲ್ಲಿ 'ವಾಶೋಕು', ಮನುಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು. ಸುದ್ದಿ ಕೇಳಿದ ಬಹಳ ಜನ, ಓಹೋ, ಸುಶಿಗೆ ಪ್ರಶಸ್ತಿ ಬಂತು ಅಂದುಕೊಂಡರು. ಆದರೆ ಯಾವುದೋ ಒಂದು ತಿಂಡಿಯ ರುಚಿಗೆ ಯುನೆಸ್ಕೊ ಮಾರ್ಕ್ಸ್ ಕೊಡೋದಿಲ್ಲ ವೀಕ್ಷಕರೇ.

ಮೊದಲು ಜಪಾನಿಗೂ ಆಸೆ ಇದ್ದದ್ದು ದುಬಾರಿ ಕೈಸೆಕಿ ಊಟದ ಮೇಲೆ. 2010ರಲ್ಲಿ ಫ್ರಾನ್ಸಿನ ಔತಣದ ಪದ್ಧತಿ, ಮೆಕ್ಸಿಕೊದ ಅಡುಗೆ ಎರಡೂ ಪಟ್ಟಿಗೆ ಸೇರಿದ್ದವು. ಮರುವರ್ಷ ದಕ್ಷಿಣ ಕೊರಿಯಾ ತನ್ನ ಅರಮನೆ ಅಡುಗೆಯ ಅರ್ಜಿ ಹಾಕಿತು, ಪಾಸಾಗಲಿಲ್ಲ. ರಾಜರೇನೋ ಉಂಡರು, ಇವತ್ತು ಆ ಪದ್ಧತಿಯನ್ನು ಬದುಕುತ್ತಿರುವ ಜನ ಯಾರು? ಇದಕ್ಕೆ ಅರ್ಜಿಯಲ್ಲಿ ಸರಿಯಾದ ಉತ್ತರ ಇರಲಿಲ್ಲ. ಜಪಾನ್ ಎಚ್ಚೆತ್ತುಕೊಂಡು ತನ್ನ ಅರ್ಜಿಯನ್ನೇ ಬದಲಾಯಿಸಿತು. ಹೊಸ ವರ್ಷಕ್ಕೆ ಮನೆಮಂದಿ ಸೇರಿ ಅಕ್ಕಿಯ ಮೋಚಿ ಕುಟ್ಟೋದು, ಅನ್ನದ ಜೊತೆ ಒಂದು ಸಾರು ಮೂರು ವ್ಯಂಜನ, ಋತುವಿಗೆ ತಕ್ಕ ತರಕಾರಿ, ಇದನ್ನೆಲ್ಲ ಅಜ್ಜಿ ಮೊಮ್ಮಕ್ಕಳಿಗೆ ಕಲಿಸೋದು, ಇಷ್ಟನ್ನೇ ಬರೆದು ಕಳಿಸಿತು. ನಮ್ಮ ಮನೆಗಳಲ್ಲಿ ಇದು ಕಡಿಮೆಯಾಗ್ತಿದೆ ಅನ್ನೋ ಭಯವೂ ಅದರ ಹಿಂದಿತ್ತು. ಕೊರಿಯಾ ಕೂಡ ಅರಮನೆ ಬಿಟ್ಟು ಕೇರಿಗೆ ಇಳಿದು, ಜನ ಕೂಡಿ ಕಿಮ್ಚಿ ಹಾಕುವ ಪದ್ಧತಿ ಬರೆದು ಅದೇ 2013ರಲ್ಲಿ ಗೆದ್ದಿತು.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಪಂಜಾಬಿನ ಜಂಡಿಯಾಲಾ ಗುರು ಊರಿನ ಥಠೇರರು ಹಿತ್ತಾಳೆ, ತಾಮ್ರದ ಪಾತ್ರೆ ಬಡಿಯುವ ಕಸುಬು 2014ರಲ್ಲಿ ಪಟ್ಟಿ ಸೇರಿತು. ಸಂತೋಷ. ಆದರೆ ಆ ಪಾತ್ರೆಯೊಳಗೆ ಬೇಯುವ ಅಡುಗೆ? ಭಾರತದ ಒಂದೇ ಒಂದು ಊಟದ ಪದ್ಧತಿಯೂ ಆ ಪಟ್ಟಿಯಲ್ಲಿಲ್ಲ. 2025ರ ಡಿಸೆಂಬರ್‌ನಲ್ಲಿ ಸಭೆ ನಮ್ಮ ದೆಹಲಿಯ ಕೆಂಪುಕೋಟೆಯಲ್ಲೇ ನಡೆಯಿತು. ನಮ್ಮ ದೀಪಾವಳಿಗೆ ಮಾನ್ಯತೆ ಸಿಕ್ಕಿತು. ಅಡುಗೆಯ ವಿಷಯದಲ್ಲಿ? ನಮ್ಮ ಅಂಗಳದಲ್ಲಿ ಕೂತು ಇಟಲಿ ಗೆದ್ದುಕೊಂಡು ಹೋಯಿತು!

ದಾಖಲೆ ಇಲ್ಲದ ಬಡವರೇನೂ ನಾವಲ್ಲ. ಸುಮಾರು ಸಾವಿರ ವರ್ಷದ ಹಿಂದೆಯೇ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಗೆ ಅಂತಲೇ ಒಂದು ಅಧ್ಯಾಯವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ನಮ್ಮ ಇಡ್ಲಿ ದೋಸೆಗಳ ಪೂರ್ವಜರು ಸಿಗುತ್ತಾರೆ. ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ಕನ್ನಡ ಷಟ್ಪದಿಯಲ್ಲಿ 'ಸೂಪಶಾಸ್ತ್ರ' ಬರೆದ. ಅದರಲ್ಲಿ ಬದನೆಕಾಯಿಗೇ ಪ್ರತ್ಯೇಕ ಅಧ್ಯಾಯ! ಕನಕದಾಸರಂತೂ ರಾಗಿ ಮತ್ತು ಅಕ್ಕಿಯ ಜಗಳವನ್ನೇ ಕಾವ್ಯ ಮಾಡಿ ರಾಗಿಯನ್ನು ಗೆಲ್ಲಿಸಿದರು. ಇದೆಲ್ಲ ಹೆಮ್ಮೆಯ ಮಾತು, ಸರಿ. ಆದರೆ ಯುನೆಸ್ಕೊ ಕೇಳೋದು ಹಳೇ ಪುಸ್ತಕವನ್ನಲ್ಲ, ಇವತ್ತಿನ ಒಲೆಯನ್ನ.

ಆ ಒಲೆ ಎಲ್ಲಿ ಹುಡುಕೋದು? ನನ್ನನ್ನು ಕೇಳಿದರೆ ಬೀರೂರು ಜಂಕ್ಷನ್‌ನಲ್ಲಿ ಇಳೀರಿ ಅಂತೀನಿ. ಬೆಂಗಳೂರಿಂದ ಬಂದ ಹಳಿ ಅಲ್ಲಿ ಎರಡಾಗುತ್ತೆ. ಒಂದು ಅಜ್ಜಂಪುರದ ಮೇಲೆ ದಾವಣಗೆರೆ ಕಡೆಗೆ, ಇನ್ನೊಂದು ತರೀಕೆರೆ, ಶಿವಮೊಗ್ಗ ದಾಟಿ ಸಾಗರದ ಕಡೆಗೆ.

ಮೊದಲ ಹಳಿ ಹಿಡಿದರೆ ಸಿಗುವ ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಅಮೃತ ಮಹಲ್ ಅನ್ನೋದು ಟಿಪ್ಪು ಸುಲ್ತಾನ್ ಇಟ್ಟ ಹೆಸರು. ಅದಕ್ಕೂ ಮುಂಚೆ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅದು 'ಬೆಣ್ಣೆ ಚಾವಡಿ'. ನೋಡಿ, ಒಂದು ರಾಜ್ಯ ಬೆಣ್ಣೆಗೆ ಅಂತ ಇಲಾಖೆ ಇಟ್ಟಿತ್ತು! ಅರಮನೆಗೆ ಹಾಲು ಬೆಣ್ಣೆ ಹೋಗಬೇಕು, ಹೋರಿಗಳು ಸೈನ್ಯದ ತೋಪು ಎಳೀಬೇಕು. ಅದಕ್ಕಾಗಿ ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಹುಲ್ಲುಗಾವಲು. ಅವೇ ಕಾವಲುಗಳು. 1860ರಲ್ಲಿ ಖರ್ಚು ಜಾಸ್ತಿಯಾಯ್ತು ಅಂತ ಬ್ರಿಟಿಷ್ ಆಡಳಿತ ಹಿಂಡುಗಳನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ನಷ್ಟ ಗೊತ್ತಾಗಿ ಮತ್ತೆ ಹಿಂಡು ಕಟ್ಟಬೇಕಾಯಿತು. ನಾವು ಅದರಿಂದ ಏನು ಕಲಿತೆವು? ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲು ಸಂಶೋಧನಾ ಸಂಸ್ಥೆಗಳ ಪಾಲಾಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಿತ ಪ್ರದೇಶವಾಯಿತು, ಅದೂ ಕೃಷ್ಣಮೃಗದ ಪುಣ್ಯದಿಂದ. ಬೆಣ್ಣೆ ಯಾರಿಗೂ ನೆನಪಾಗಲಿಲ್ಲ. ಅದೇ ಹಳಿ ಮೇಲೆ ಮುಂದೆ ಹೋಗಿ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಮಾತ್ರ ಮರೀದೆ ತಿಂತೀವಿ.

ಇನ್ನೊಂದು ಹಳಿಯದು ಇನ್ನೂ ಗಟ್ಟಿ ಕಥೆ. ಮಲೆನಾಡಿನಲ್ಲಿ ಆಶ್ವಯುಜದ ಭೂಮಿ ಹುಣ್ಣಿಮೆ ಬಂದರೆ, ಬಸುರಿ ಭೂಮಿತಾಯಿಗೆ ಬಯಕೆ ಊಟ. ಹೆಂಗಸರು ಬುಟ್ಟಿಗೆ ಚಿತ್ತಾರ ಬರೀತಾರೆ. ಸಿಕ್ಕ ಸೊಪ್ಪುಗಳನ್ನೆಲ್ಲ ಆಯ್ದು ತಂದು ರಾತ್ರಿಯಿಡೀ ಅಡುಗೆ ಮಾಡ್ತಾರೆ. ನಸುಕಿನಲ್ಲೇ ಗದ್ದೆಗೆ ಹೋಗಿ ಚರಗ ಚೆಲ್ಲಿ, ಆಮೇಲೆ ಅಲ್ಲೇ ಕೂತು ಮನೆಮಂದಿ ಉಣ್ಣೋದು. ಋತು ಇದೆ, ಹಬ್ಬ ಇದೆ, ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಸೊಪ್ಪಿನ ಜ್ಞಾನ ಇದೆ, ಉಣ್ಣುವ ಜನ ಇದ್ದಾರೆ. ಜಪಾನ್ ಬಾಕುವಿಗೆ ಒಯ್ದದ್ದು ಇದಕ್ಕಿಂತ ಬೇರೇನು? ಯಾವ ಸೊಪ್ಪು ತಿನ್ನಬಹುದು, ಯಾವುದು ಬಿಡಬೇಕು ಅನ್ನೋದು ಯಾವ ಆಪ್‌ನಲ್ಲೂ ಇಲ್ಲ. ಆ ಅಜ್ಜಿಯರ ತಲೆಯಲ್ಲಿದೆ. ಅವರಿಗೆ ವಯಸ್ಸಾಗ್ತಿದೆ.

ಧಾರವಾಡ ಪೇಡಾಕ್ಕೆ, ಮಟ್ಟುಗುಳ್ಳಕ್ಕೆ ಜಿಐ ಟ್ಯಾಗ್ ಸಿಕ್ಕಿದೆಯಲ್ಲ ಅಂತ ಕೇಳಬಹುದು. ಸಿಕ್ಕಿದೆ, ಒಳ್ಳೇದೇ. ಆದರೆ ಅದು ಮಾರುವ ಸರಕಿನ ಹೆಸರಿಗೆ ಕಾವಲು. ಗದ್ದೆಯಲ್ಲಿ ಚೆಲ್ಲುವ ಚರಗ ಮಾರಾಟಕ್ಕಿಲ್ಲ.

ಯುನೆಸ್ಕೊ ಕಡತಕ್ಕೆ ಬೇಕಾದ ಮುಖ್ಯ ಕಾಗದ ಯಾವ ಮಂತ್ರಿಯ ಶಿಫಾರಸೂ ಅಲ್ಲ, ಆ ಪದ್ಧತಿ ನಡೆಸುವ ಜನರ ಒಪ್ಪಿಗೆ. ಆಮೇಲೆ ಚಿತ್ರೀಕರಣ, ವಿವರ, ಉಳಿಸಿಕೊಳ್ಳುವ ಯೋಜನೆ. ಮುಂದಿನ ಭೂಮಿ ಹುಣ್ಣಿಮೆಗೆ ನಮ್ಮ ಕ್ಯಾಮರಾ ತಂಡವನ್ನು ನಾನು ಕಳಿಸ್ತೀನಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ತನ್ನದೊಂದು ತಂಡ ಕಳಿಸಲಿ, ಬೀರೂರಲ್ಲಿ ಸೇರೋಣ.