ಜೈಲಿನ ದಿನಗಳಿಗೆ ಬಾಕಿ ಪಾವತಿಯಿಲ್ಲ

ಕೇಂದ್ರ ಸರ್ಕಾರದ ಗುಮಾಸ್ತರಾದ ನಮಗೆ ಅಪೀಲು ಎಂಬುದು ಹೊಸ ಮಾತಲ್ಲ. ಇನ್‌ಕ್ರಿಮೆಂಟು ತಡೆದರೆ ಮೇಲಧಿಕಾರಿಗೆ ಅಪೀಲು ಹಾಕುತ್ತೇವೆ. ಗೆದ್ದರೆ ಬಾಕಿ ಹಣ ಕೈಸೇರುತ್ತದೆ. ಆದರೆ ಅಪೀಲು ಗೆಲ್ಲುವ ಹೊತ್ತಿಗೆ ಜೈಲಿನಲ್ಲೇ ಕಳೆದುಹೋದ ವರ್ಷಗಳ ಬಾಕಿಯನ್ನು ಕೊಡುವವರು ಯಾರು?

ಇದಕ್ಕೆ ನಮ್ಮ ಕಾನೂನಿನಲ್ಲಿ ಹಳೆಯದೊಂದು ಪರಿಹಾರವುಂಟು. ಅಪೀಲು ಇತ್ಯರ್ಥವಾಗುವತನಕ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು, ಜಾಮೀನಿನ ಮೇಲೆ ಬಿಡುವ ಅಧಿಕಾರ 1898ರ ದಂಡ ಪ್ರಕ್ರಿಯಾ ಸಂಹಿತೆಯ 426ನೆಯ ಕಲಮಿನಲ್ಲಿತ್ತು. 1973ರ ಸಂಹಿತೆಯಲ್ಲಿ ಅದೇ 389 ಆಯಿತು. ಅಮಾನತು ಎಂದರೆ ಖುಲಾಸೆಯಲ್ಲ. ಅಪೀಲು ಸೋತರೆ ಮತ್ತೆ ಜೈಲಿಗೆ ಹೋಗಲೇಬೇಕು. ಐದಾರು ವರ್ಷ ಸೆರೆಯಲ್ಲಿಟ್ಟು, ಕೊನೆಗೆ ತಪ್ಪೇ ಮಾಡಿಲ್ಲವೆಂದು ಹೇಳಿದರೆ ಅದು ನ್ಯಾಯದ ಅಣಕವಾದೀತೆಂದು 1977ರಲ್ಲಿ ಕೊಲೆ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಎಚ್ಚರಿಸಿತ್ತು.

1985ರ ನವೆಂಬರಿನಲ್ಲಿ ಮಾದಕ ದ್ರವ್ಯಗಳ ಹೊಸ ಕಾಯಿದೆ ಜಾರಿಗೆ ಬಂತು. ದೊಡ್ಡ ಅಪರಾಧಗಳಿಗೆ ಕನಿಷ್ಠ 10 ವರ್ಷ ಸಜೆ. 1989ರಲ್ಲಿ ಅದಕ್ಕೆ 32ಎ ಎಂಬ ಕಲಮು ಸೇರಿತು: ಸ್ವಂತ ಸೇವನೆಯ ಸಣ್ಣ ಪ್ರಕರಣ ಬಿಟ್ಟರೆ, ಈ ಕಾಯಿದೆಯ ಯಾವ ಶಿಕ್ಷೆಯನ್ನೂ ಅಮಾನತಿನಲ್ಲಿಡುವಂತಿಲ್ಲ, ಕಡಿಮೆ ಮಾಡುವಂತಿಲ್ಲ. ಶಾಸನದ ಸಿಟ್ಟು ವಿಷ ಮಾರುವವರ ಮೇಲಿತ್ತು. ಪೆಟ್ಟು ಮಾತ್ರ ತಪ್ಪು ತೀರ್ಪಿಗೆ ಸಿಕ್ಕಿದವರ ಮೇಲೂ ಬಿತ್ತು. ಈ ನಿಷೇಧ ಅಪೀಲು ಕೇಳುವ ಕೋರ್ಟುಗಳಿಗೂ ಅನ್ವಯವೆಂದು 1999ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು.

ಮರುವರ್ಷವೇ ಗಾಳಿ ತಿರುಗಿತು. ಮಹಾರಾಷ್ಟ್ರದಿಂದ ಬಂದ, ವಕೀಲರು 'ದಾದು ಪ್ರಕರಣ'ವೆನ್ನುವ ಮೊಕದ್ದಮೆಯಲ್ಲಿ, 2000ದ ಅಕ್ಟೋಬರ್ 12ರಂದು, ನ್ಯಾಯಾಲಯದ ಅಮಾನತಿನ ಅಧಿಕಾರವನ್ನು ಕಿತ್ತುಕೊಂಡಷ್ಟು ಭಾಗ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಅಪೀಲಿನ ಹಕ್ಕು ಕೊಟ್ಟು ಅದರ ಫಲವನ್ನು ಕಸಿದುಕೊಂಡರೆ ಹಕ್ಕು ಹೆಸರಿಗಷ್ಟೇ ಉಳಿಯುತ್ತದಲ್ಲವೇ?

ಹಾಗೆಂದು ಬಾಗಿಲು ಪೂರ್ತಿ ತೆರೆಯಲಿಲ್ಲ. 37ನೆಯ ಕಲಮಿನ ಷರತ್ತುಗಳು ಉಳಿದವು: ಸರ್ಕಾರಿ ವಕೀಲರ ವಾದ ಕೇಳಬೇಕು, ಅವರು ವಿರೋಧಿಸಿದರೆ, ಆತ ನಿರ್ದೋಷಿಯೆಂದು ನಂಬಲು ಸಕಾರಣವಿರಬೇಕು, ಹೊರಗೆ ಬಂದು ಮತ್ತೆ ಅಪರಾಧ ಮಾಡಲಾರನೆಂದು ಕೋರ್ಟಿಗೆ ಮನವರಿಕೆಯಾಗಬೇಕು. 2001ರ ತಿದ್ದುಪಡಿಯ ನಂತರ ಈ ಬಿಗಿ ಮುಖ್ಯವಾಗಿ ವಾಣಿಜ್ಯ ಪ್ರಮಾಣದ ಪ್ರಕರಣಗಳಿಗೆ ಸೀಮಿತವಾಯಿತು. 2024ರ ಜುಲೈ 1ರಿಂದ ಹಳೆಯ 389ರ ಜಾಗದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 430ನೆಯ ಕಲಮು ಬಂದಿದೆ.

ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿದ ನಾವು, ಇಂಥ ಆಪತ್ತು ಬಂದ ಮನೆಯವರನ್ನು ಕಂಡರೆ ದೂರ ಸರಿಯುತ್ತೇವೆ. ಮಾದಕ ವ್ಯಾಪಾರದ ಮೇಲೆ ನಮಗೂ ಕನಿಕರವಿಲ್ಲ. ಆದರೆ ಬಂಧನದಲ್ಲಿರುವವರಿಗೆ ಉಚಿತ ವಕೀಲರ ನೆರವು 1987ರ ಕಾನೂನು ಸೇವಾ ಕಾಯಿದೆ ಕೊಟ್ಟ ಹಕ್ಕು ಎಂಬಷ್ಟನ್ನಾದರೂ ಆ ತಾಯಿತಂದೆಗಳಿಗೆ ತಿಳಿಸಬಹುದಲ್ಲ. ತಡವಾಗಿ ಬಂದ ಸಂಬಳದಿಂದ ಮನೆ ಹೇಗೋ ನಡೆದೀತು. ಕಳೆದ ಪ್ರಾಯ ತಡವಾಗಿಯೂ ಬರುವುದಿಲ್ಲ.